ಮೂವತ್ತು ಸಾವಿರಕ್ಕೆ ಡ್ಯಾಪ್ ತಗೋಬೇಕಾ, ಇಲ್ಲ ಒಂದು ಆಂಪ್ ಸಾಕಾ?

ಕಡಲತಡಿ ಕೇಳುಗ

ಎಲ್ಲರಿಗೂ ನಮಸ್ಕಾರ. ಬಜೆಟ್ ಮೂವತ್ತು ಸಾವಿರ, ಎಳೆದರೆ ಮೂವತ್ತೈದು. ಡ್ಯಾಪ್ (ಹಾಡು ಕೇಳಲೆಂದೇ ಇರುವ ಜೇಬಿನ ಡಿಜಿಟಲ್ ಪ್ಲೇಯರ್) ಕೊಳ್ಳೋದಾ, ಹೆಡ್‌ಫೋನ್ ಆಂಪ್ (ಹೆಡ್‌ಫೋನಿಗೆ ಹೋಗುವ ಸಿಗ್ನಲ್‌ಗೆ ಬಲ ಕೊಡುವ ಯಂತ್ರ) ಕೊಳ್ಳೋದಾ ಅಂತ ನಿರ್ಧಾರ ಆಗ್ತಿಲ್ಲ.

ಸದ್ಯ ನನ್ನ ಹತ್ತಿರ ಇರುವುದು: ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಕ್ಯಾಂಪ್‌ಫೈರ್ ಆಂಡ್ರೊಮಿಡಾ ಐಇಎಂ (ಕಿವಿಯೊಳಗೆ ಕೂರುವ ಇಯರ್‌ಫೋನ್), ಜ್ಯಾಕ್ ಇಲ್ಲದ ಆಂಡ್ರಾಯ್ಡ್ ಫೋನ್, ಅದಕ್ಕೆ ಆಪಲ್ ಕಂಪನಿಯ ಯುಎಸ್‌ಬಿ-ಸಿ ಡಾಂಗಲ್ (ಹೆಡ್‌ಫೋನ್ ಸಿಕ್ಕಿಸುವ ಸಣ್ಣ ಅಡಾಪ್ಟರ್). ಒಂದು ಹಳೇ ಐಪಾಡ್ ಕ್ಲಾಸಿಕ್ ಕೂಡ ಇದೆ, ಇನ್ನೂ ಓಡುತ್ತದೆ.

ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ. ಮನ್ಸೂರರು, ಗಂಗೂಬಾಯಿ, ಭೀಮಸೇನ ಜೋಶಿ. ಆಮೇಲೆ ಹಳೇ ಕನ್ನಡ ಸಿನಿಮಾ ಹಾಡು, ಇಳಯರಾಜ.

ತೊಂದರೆ ಎರಡು. ಫೋನಿನಲ್ಲಿ ಎಚ್‌ಡಿ 600 ಹಾಕಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲುವುದಿಲ್ಲ. ಅದೇ ಗೆಳೆಯನ ಮನೆಯ ದೊಡ್ಡ ಆಂಪ್‌ಗೆ ಆಂಡ್ರೊಮಿಡಾ ಸಿಕ್ಕಿಸಿದರೆ ಹಾಡು ಶುರುವಾಗುವ ಮುಂಚೆಯೇ ಸುಯ್ ಅಂತ ಸದ್ದು. ಎರಡಕ್ಕೂ ಹೊಂದುವ ಒಂದೇ ಯಂತ್ರ ಇದೆಯಾ? ದುಡ್ಡು ಜಾಸ್ತಿ ಕೊಟ್ಟಷ್ಟೂ ದನಿ ನಿಜವಾಗಿ ಸುಧಾರಿಸುತ್ತದಾ?

ನೇರಳೆ ಮಾರ್ಗ

ಫೋನ್ ಸಾಕು ಸರ್. ದುಡ್ಡು ಉಳಿಸಿ.

ರಾಗಸಂಜೆ

ಫೋನ್ ಸಾಕು ಅನ್ನುವವರು ಒಳ್ಳೆಯ ಡ್ಯಾಪ್ ಒಂದು ವಾರ ಬಳಸಿ ನೋಡಬೇಕು. ಫೋನ್ ಮಾತಾಡೋಕೆ ಮಾಡಿರುವ ಯಂತ್ರ. ಡ್ಯಾಪ್ ಹಾಡಿಗೆಂದೇ ಮಾಡಿದ್ದು. ಡ್ಯಾಕ್ ಚಿಪ್ (ಡಿಜಿಟಲ್ ಫೈಲನ್ನು ದನಿಯ ಸಿಗ್ನಲ್ ಮಾಡುವುದು) ಬೇರೆ, ಪವರ್ ಸಪ್ಲೈ ಬೇರೆ, ಆಂಪ್ ಬೇರೆ. ತಂಬೂರಿಯ ನಾದ ಗಾಯಕರ ಹಿಂದೆ ಹರಡಿಕೊಳ್ಳುವ ರೀತಿಯೇ ಬೇರೆ ಇರುತ್ತದೆ. ನಾನು ಫಿಯೋ ಎಂ11 ಬಳಸುತ್ತಿದ್ದೇನೆ. ಮತ್ತೆ ಫೋನಿಗೆ ಹೋಗುವ ಮನಸ್ಸು ಬಂದಿಲ್ಲ.

ಓಮ್ ಭಟ್ಟ

ಬೆಲೆ ಆಚೆ ಇಡಿ ಮಾರಾಯ್ರೆ. ನಿಮ್ಮ ಎರಡು ತೊಂದರೆಗಳಿಗೂ ಲೆಕ್ಕದಲ್ಲೇ ಉತ್ತರ ಇದೆ. ಯಾವ ಪ್ಲೇಯರ್ ಆಗಲಿ, ಆಂಪ್ ಆಗಲಿ, ಮೊದಲು ನೋಡಬೇಕಾದ್ದು ಇಷ್ಟು: ಎಷ್ಟು ವೋಲ್ಟ್ ಕೊಡುತ್ತದೆ, ಅದರ ಔಟ್‌ಪುಟ್ ಇಂಪೀಡೆನ್ಸ್ (ಒಳಗಿನ ತಡೆ, ಓಮ್ ಲೆಕ್ಕದಲ್ಲಿ) ಎಷ್ಟು, ಏನೂ ನುಡಿಸದೆ ಇದ್ದಾಗ ಎಷ್ಟು ಸದ್ದು ಮಾಡುತ್ತದೆ. ನಿಮ್ಮ ಎರಡು ಹೆಡ್‌ಫೋನ್‌ಗಳು ಒಂದಕ್ಕೊಂದು ಪೂರ್ತಿ ವಿರುದ್ಧ. ಅದಕ್ಕೇ ಈ ಪೇಚಾಟ.

ಎಚ್‌ಡಿ 600 ತಗೊಳ್ಳಿ. 1997ರಿಂದ ಇರುವ ಮಾಡೆಲ್, 300 ಓಮ್. ಕಂಪನಿಯ ಲೆಕ್ಕದಲ್ಲಿ 1 ವೋಲ್ಟ್ ಕೊಟ್ಟರೆ 97 ಡೆಸಿಬಲ್. ವೋಲ್ಟೇಜ್ ಎರಡು ಪಟ್ಟು ಮಾಡಿದರೆ 6 ಡೆಸಿಬಲ್ ಏರುತ್ತದೆ. ಅಂದರೆ 2 ವೋಲ್ಟ್‌ಗೆ 103, 4 ವೋಲ್ಟ್‌ಗೆ 109. ಇದು ಹಾಡಿನ ಅತಿ ಜೋರಾದ ಕ್ಷಣದ ಲೆಕ್ಕ. ಈಗಿನ ಸಿನಿಮಾ ಹಾಡು ಆದ್ಯಂತ ಜೋರಾಗಿಯೇ ಇರುತ್ತದೆ, ಅದಕ್ಕೆ 1 ವೋಲ್ಟ್ ಧಾರಾಳ. ಖ್ಯಾಲ್ ರೆಕಾರ್ಡಿಂಗ್ ಹಾಗಲ್ಲ. ಸರಾಸರಿ ಮಟ್ಟ ತುಂಬಾ ಕೆಳಗಿರುತ್ತದೆ, ತಾನ್ ಬಂದಾಗ ಮಾತ್ರ ಮೇಲೆ ಹಾರುತ್ತದೆ. ಸರಾಸರಿ 20 ಡೆಸಿಬಲ್ ಕೆಳಗಿದೆ ಅಂದುಕೊಂಡರೆ 1 ವೋಲ್ಟ್‌ನಲ್ಲಿ ನಿಮಗೆ ಸಿಗುವುದು 77. ರಾತ್ರಿ ಹೊತ್ತು ಅದು ಸಾಕು. ಹೊರಗೆ ಮಳೆ ಹೊಡೆಯುತ್ತಿದ್ದರೆ ಸಾಲುವುದಿಲ್ಲ, ಅದೂ ಎಚ್‌ಡಿ 600ರ ಹಿಂಬದಿ ತೆರೆದಿರುತ್ತದಲ್ವಾ, ಹೊರಗಿನ ಸದ್ದೆಲ್ಲ ಒಳಗೇ.

ಆದರೆ ನಿಮಗೆ ಆ 1 ವೋಲ್ಟ್ ಕೂಡ ಸಿಗುತ್ತಿಲ್ಲ ಅಂತ ನನ್ನ ಅನುಮಾನ. ಆಪಲ್ ಡಾಂಗಲ್ ಒಳಗೆ ಅದರದೇ ಒಂದು ವಾಲ್ಯೂಮ್ ಇದೆ. ಐಫೋನ್ ಅದನ್ನು ಪೂರ್ತಿ ಏರಿಸುತ್ತದೆ. ಎಷ್ಟೋ ಆಂಡ್ರಾಯ್ಡ್ ಫೋನುಗಳು ಅದನ್ನು ಮುಟ್ಟುವುದೇ ಇಲ್ಲ, ತಮ್ಮ ವಾಲ್ಯೂಮ್ ಮಾತ್ರ ಏರಿಸುತ್ತವೆ. ನೂರಕ್ಕೆ ನೂರು ಅಂತ ತೋರಿಸುತ್ತದೆ, ಬರುವುದು ಅರ್ಧ. ಅದೇ ಡಾಂಗಲ್ಲನ್ನು ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ. ಜೋರಾದರೆ ಡಾಂಗಲ್ ಸರಿಯಿದೆ. ಫೋನಿನಲ್ಲೇ ಬೇಕಿದ್ದರೆ ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೊ ಥರದ ಆ್ಯಪ್ ಡಾಂಗಲ್ ಒಳಗಿನ ವಾಲ್ಯೂಮನ್ನು ನೇರವಾಗಿ ಏರಿಸುತ್ತದೆ.

ಈಗ ಆಂಡ್ರೊಮಿಡಾ. ಅದು 12.8 ಓಮ್. ತೀರಾ ಸೆನ್ಸಿಟಿವ್, ಅಂದರೆ ಕೊಂಚ ವೋಲ್ಟೇಜ್‌ಗೇ ಜೋರಾಗಿ ನುಡಿಯುತ್ತದೆ. ಅದಕ್ಕೆ ವೋಲ್ಟೇಜ್ ಬೇಡವೇ ಬೇಡ. ಗೆಳೆಯರ ಆಂಪ್ ಹೈ ಗೇನ್‌ನಲ್ಲಿ (ಸಿಗ್ನಲ್ ಹೆಚ್ಚು ಹಿಗ್ಗಿಸುವ ಸೆಟ್ಟಿಂಗ್) ಇದ್ದಿರಬೇಕು. ಆಂಪ್‌ನ ಸ್ವಂತ ಸದ್ದು ಎಚ್‌ಡಿ 600ರಲ್ಲಿ ಕೇಳಿಸುವುದೇ ಇಲ್ಲ, ಇದರಲ್ಲಿ ಎದ್ದು ಕೇಳಿಸುತ್ತದೆ. ಅದಕ್ಕಿಂತ ದೊಡ್ಡ ವಿಷಯ ಔಟ್‌ಪುಟ್ ಇಂಪೀಡೆನ್ಸ್. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಕರೆಂಟ್ ಹೋಗುವ ಲಕ್ಷಣ ಇದೆ.

ಮ್ಯೂನಿಕ್ ಮಂಡ್ಯ

ಡಾಂಗಲ್ ಬಗ್ಗೆ ಒಂದು ಸಣ್ಣ ಸೇರಿಕೆ. ಯುರೋಪಿನಲ್ಲಿ ಮಾರುವ ಆಪಲ್ ಡಾಂಗಲ್ ಬೇರೆ. ಇಲ್ಲಿನ ವಾಲ್ಯೂಮ್ ನಿಯಮಕ್ಕೆ ಸರಿಯಾಗಿ ಅರ್ಧ ವೋಲ್ಟ್‌ಗೆ ಮಿತಿ ಹಾಕಿದ್ದಾರೆ. ಅಮೆರಿಕದಲ್ಲಿ 9 ಡಾಲರ್‌ಗೆ ಮಾರುವುದು 1 ವೋಲ್ಟ್. ಮಾಡೆಲ್ ನಂಬರ್ ನೋಡಿ: ಎ2049 ಇದ್ದರೆ 1 ವೋಲ್ಟ್, ಎ2155 ಇದ್ದರೆ ಯುರೋಪಿನದು. ಊರಿಗೆ ಬರುವಾಗ ಅಣ್ಣ ತಮ್ಮಂದಿರಿಗೆ ಇಲ್ಲಿಂದ ತಂದುಕೊಡುವವರು ಗಮನಿಸಿ. ಕಡಲತಡಿ ಅವರೇ, ನಿಮ್ಮದು ಎಲ್ಲಿ ಕೊಂಡದ್ದು?

ಕಡಲತಡಿ ಕೇಳುಗ

ನನ್ನದು ಎ2049. ಭಟ್ರು ಹೇಳಿದ ಹಾಗೆ ಲ್ಯಾಪ್‌ಟಾಪ್‌ಗೆ ಹಾಕಿದೆ. ಅದೇ ಡಾಂಗಲ್, ಅದೇ ಹೆಡ್‌ಫೋನ್. ಫೋನಿಗಿಂತ ಎಷ್ಟೋ ಜೋರು! ಇದನ್ನು ಯಾವ ಅಂಗಡಿಯವರೂ ಹೇಳಲಿಲ್ಲ ನೋಡಿ. ನೀವು ಇಪ್ಪತ್ತು ಸಾವಿರದ ಆಂಪ್ ತಗೊಳ್ಳಲೇಬೇಕು ಅಂತ ಒಬ್ಬರು ಅಂದಿದ್ದರು.

ಓಮ್ ಭಟ್ಟ

ಕರೆಂಟ್ ಬಂತು. ಮುಂದುವರಿಸುತ್ತೇನೆ.

ಪ್ರತಿ ಆಂಪ್ ಒಳಗೂ ಒಂದಿಷ್ಟು ತಡೆ ಇರುತ್ತದೆ. ಅದು ಹೆಡ್‌ಫೋನ್ ಜೊತೆ ಸಾಲಾಗಿ ನಿಂತು ವೋಲ್ಟೇಜನ್ನು ಹಂಚಿಕೊಳ್ಳುತ್ತದೆ. ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇದ್ದರೆ ತೊಂದರೆ ಇಲ್ಲ, ದನಿ ಸ್ವಲ್ಪ ತಗ್ಗುತ್ತದೆ ಅಷ್ಟೆ. ಆದರೆ ಐದಾರು ಬ್ಯಾಲೆನ್ಸ್ಡ್ ಆರ್ಮೇಚರ್ (ದನಿ ಹೊರಡಿಸುವ ಪುಟಾಣಿ ಡ್ರೈವರ್) ಇರುವ ಐಇಎಂಗಳಲ್ಲಿ ಇಂಪೀಡೆನ್ಸ್ ಒಂದು ಕಡೆ ಇಳಿದು ಇನ್ನೊಂದು ಕಡೆ ಏರುತ್ತದೆ. ಲೆಕ್ಕಕ್ಕೆ ಒಂದು ಐಇಎಂ 10 ಓಮ್‌ನಿಂದ 50 ಓಮ್‌ವರೆಗೆ ಓಡಾಡುತ್ತದೆ ಅನ್ನಿ. ಆಂಪ್‌ನದು 1 ಓಮ್ ಇದ್ದರೆ ಎರಡು ತುದಿಗಳ ನಡುವೆ ಬರುವ ವ್ಯತ್ಯಾಸ ಸುಮಾರು 0.7 ಡೆಸಿಬಲ್. ಆಂಪ್‌ನದು 22 ಓಮ್ ಇದ್ದರೆ? ಸುಮಾರು 7 ಡೆಸಿಬಲ್. ಇದನ್ನು ಕೇಳಲು ವಿಶೇಷ ಕಿವಿ ಬೇಡ. ಹಾಡಿನ ಬಣ್ಣವೇ ಬದಲಾಗುತ್ತದೆ.

22 ಅನ್ನೋ ಅಂಕಿ ಸುಮ್ನೆ ಹಾಕಿದ್ದಲ್ಲ. 2012ರಲ್ಲಿ ಬಂದ ಆಸ್ಟೆಲ್ ಆಂಡ್ ಕರ್ನ್ ಎಕೆ100 ಪ್ಲೇಯರ್‌ನ ಔಟ್‌ಪುಟ್ ಇಂಪೀಡೆನ್ಸ್ ಅಷ್ಟೇ ಇತ್ತು. ಮೊದಮೊದಲ ದುಬಾರಿ ಡ್ಯಾಪ್‌ಗಳಲ್ಲಿ ಅದೂ ಒಂದು. ಅದಕ್ಕೆ ದುಬಾರಿ ಮಲ್ಟಿ ಡ್ರೈವರ್ ಐಇಎಂ ಹಾಕಿದವರಿಗೆ ದನಿ ಬೇರೆಯೇ ಕೇಳಿಸಿತು. ಮುಂದಿನ ಮಾಡೆಲ್‌ನಲ್ಲಿ ಅವರೇ 3 ಓಮ್‌ಗೆ ಇಳಿಸಿದರು. ಬೆಲೆಗೂ ಇದಕ್ಕೂ ಸಂಬಂಧ ಇಲ್ಲ ಅನ್ನೋಕೆ ಇದು ಸಾಕು. ಆಪಲ್ ಡಾಂಗಲ್‌ನದು 1 ಓಮ್‌ನ ಆಸುಪಾಸು.

ಇದನ್ನು ಬೇಕಂತಲೇ ಬಳಸಿದವರೂ ಇದ್ದಾರೆ. ಎಟಿಮೋಟಿಕ್ ಕಂಪನಿಯ ಇಆರ್4ಪಿ ಐಇಎಂಗೆ 75 ಓಮ್‌ನ ಒಂದು ಅಡಾಪ್ಟರ್ ಸೇರಿಸಿದರೆ ಅದು ಇಆರ್4ಎಸ್ ಆಗುತ್ತಿತ್ತು. ಒಂದೇ ಡ್ರೈವರ್, ನಡುವೆ ಒಂದು ರೆಸಿಸ್ಟರ್, ಬೇರೆ ದನಿ. ಜನ ಪ್ಲೇಯರ್ ಬದಲಿಸಿದಾಗ ಐಇಎಂ ದನಿ ಬದಲಾಯಿತು ಅಂದರೆ ನಾನು ನಗುವುದಿಲ್ಲ. ಅದು ನಿಜವೇ ಇರಬಹುದು. ಕಾರಣ ಡ್ಯಾಕ್ ಚಿಪ್ ಅಂತ ಅವರು ತಿಳಿದಿರುತ್ತಾರೆ, ಅಷ್ಟೇ.

ರೂಢಿಯ ಲೆಕ್ಕ: ಆಂಪ್‌ನದು ಹೆಡ್‌ಫೋನಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಆಂಡ್ರೊಮಿಡಾಗೆ 1.6 ಓಮ್ ಒಳಗೆ. ಎಚ್‌ಡಿ 600ಗೆ 37 ಓಮ್ ಇದ್ದರೂ ನಡೆಯುತ್ತದೆ. ಅದರ ಇಂಪೀಡೆನ್ಸ್ ಬೇಸ್ ಕಡೆ 500ರ ಹತ್ತಿರ ಏರುತ್ತದೆ. ಆದರೂ 22 ಓಮ್ ಆಂಪ್‌ನಲ್ಲಿ ಬರುವ ವ್ಯತ್ಯಾಸ ಕಾಲು ಡೆಸಿಬಲ್ ಮಾತ್ರ. ಹಳೇ ಕಾಲದ ಕೆಲವು ಸ್ಟೀರಿಯೊ ರಿಸೀವರ್‌ಗಳ ಜ್ಯಾಕ್‌ನಲ್ಲಿ 120 ಓಮ್ ಇರುತ್ತಿತ್ತು. ಅಲ್ಲಿ ಬೇಸ್ ಸುಮಾರು 1 ಡೆಸಿಬಲ್ ಉಬ್ಬುತ್ತದೆ. ಕೆಲವರಿಗೆ ಅದೇ ಇಷ್ಟ ಆಗುತ್ತದೆ, ತಪ್ಪೇನಿಲ್ಲ.

ರಾಗಸಂಜೆ

ಭಟ್ರೇ, ಅಂಕಿ ಎಲ್ಲ ಒಪ್ಪಿದೆ. ಆದರೆ ಅಂಕಿ ಸರಿ ಇರುವ ಎರಡು ಯಂತ್ರಗಳೂ ಒಂದೇ ಥರ ಕೇಳುತ್ತವೆ ಅಂತ ನೀವು ಹೇಳುತ್ತಿದ್ದೀರಲ್ಲ, ಅದನ್ನು ಒಪ್ಪಲ್ಲ. ನನ್ನ ಎಂ11ರಲ್ಲಿ ಮಾಮೂಲು 3.5 ಮಿ.ಮೀ. ಜ್ಯಾಕ್‌ಗೂ 4.4 ಮಿ.ಮೀ. ಬ್ಯಾಲೆನ್ಸ್ಡ್ ಜ್ಯಾಕ್‌ಗೂ (ಎಡಕ್ಕೂ ಬಲಕ್ಕೂ ಬೇರೆ ಬೇರೆ ತಂತಿ ಜೋಡಿ ಇರುವುದು) ವ್ಯತ್ಯಾಸ ಸ್ಪಷ್ಟ ಇದೆ. ಬ್ಯಾಲೆನ್ಸ್ಡ್‌ನಲ್ಲಿ ತಬಲಾದ ಬಾಯ (ಎಡಗೈಯ ಡಗ್ಗ) ಗಟ್ಟಿಯಾಗಿ ಬರುತ್ತದೆ. ಜಾಗ ಅಗಲವಾಗುತ್ತದೆ.

ಓಮ್ ಭಟ್ಟ

ಬ್ಯಾಲೆನ್ಸ್ಡ್ ಜ್ಯಾಕ್ ಸಾಮಾನ್ಯವಾಗಿ ಎರಡು ಪಟ್ಟು ವೋಲ್ಟೇಜ್ ಕೊಡುತ್ತದೆ. ಅದೇ ವಾಲ್ಯೂಮ್ ಅಂಕಿಯಲ್ಲಿ 6 ಡೆಸಿಬಲ್‌ನಷ್ಟು ಜೋರು. ದನಿ ಜೋರಾದಾಗ ಮನುಷ್ಯನ ಕಿವಿಗೆ ಬೇಸ್ ಮತ್ತು ಟ್ರೆಬಲ್ ಎರಡೂ ಜಾಸ್ತಿ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ ವಿಷಯ ಇದು. ಬಾಯ ಗಟ್ಟಿಯಾಗಿ ಬಂದದ್ದು ಸುಳ್ಳಲ್ಲ. ನೀವು ಎರಡನ್ನೂ ಸಮ ಮಾಡಿ ಕೇಳಿದ್ರಾ?

ರಾಗಸಂಜೆ

ಕಿವಿಯಿಂದ ಸಮ ಮಾಡಿದ್ದೆ.

ಓಮ್ ಭಟ್ಟ

ಕಿವಿಯಿಂದ ಆಗುವುದಿಲ್ಲ. ಅರ್ಧ ಡೆಸಿಬಲ್ ವ್ಯತ್ಯಾಸ ಇದ್ದರೆ ಯಾರಿಗೂ ಇದು ಜೋರು ಅನಿಸಲ್ಲ, ಇದು ಚೆನ್ನಾಗಿದೆ ಅನಿಸುತ್ತದೆ. ಹೋಲಿಕೆ ಕೆಡುವುದು ಅಲ್ಲೇ. 0.1 ಡೆಸಿಬಲ್ ಒಳಗೆ ತರಬೇಕು. ಅಂದರೆ ವೋಲ್ಟೇಜ್‌ನಲ್ಲಿ ಶೇಕಡಾ 1ರಷ್ಟು.

ಮಾಡುವ ಬಗೆ ಹೇಳ್ತೀನಿ, ಎಲ್ಲರಿಗೂ ಉಪಯೋಗ ಆಗಬಹುದು. ಒಂದು ಮಲ್ಟಿಮೀಟರ್ ಬೇಕು, ಒಂದು ವೈ-ಸ್ಪ್ಲಿಟರ್ ಬೇಕು. ಒಂದು ಕವಲಿಗೆ ಹೆಡ್‌ಫೋನ್, ಇನ್ನೊಂದಕ್ಕೆ ಮೀಟರ್ ಕಡ್ಡಿ. ಹೆಡ್‌ಫೋನ್ ಹಾಕಿಯೇ ಅಳೆಯಬೇಕು, ಖಾಲಿ ಜ್ಯಾಕ್‌ನ ಅಳತೆ ಲೆಕ್ಕಕ್ಕಿಲ್ಲ. ಕಿವಿಯಿಂದ ತೆಗೆದಿಟ್ಟು ಒಂದೇ ಸಮನೆ ಸೈನ್ ಟೋನ್ ನುಡಿಸಿ. 1 ಕಿಲೋಹರ್ಟ್ಸ್ ಬೇಡ. ಅಗ್ಗದ ಮೀಟರ್‌ಗಳ ಎಸಿ ಅಳತೆ ನಮ್ಮ ಮನೆಯ 50 ಹರ್ಟ್ಸ್ ಕರೆಂಟ್ ನೋಡಲು ಮಾಡಿದ್ದು, ಮೇಲೆ ಹೋದಂತೆ ತಪ್ಪುತ್ತದೆ. 200 ಹರ್ಟ್ಸ್ ಟೋನ್ ಆದರೆ ಚಿಂತೆಯಿಲ್ಲ. ಎರಡೂ ಯಂತ್ರಗಳಿಗೆ ಅದೇ ಮೀಟರ್, ಅದೇ ಟೋನ್. ಫೋನಿನ ವಾಲ್ಯೂಮ್ ಬಟನ್‌ನ ಒಂದೊಂದು ಮೆಟ್ಟಿಲೂ ದೊಡ್ಡದು, ಅದರಲ್ಲಿ ಸಮ ಬರುವುದಿಲ್ಲ. ಪ್ಲೇಯರ್ ಆ್ಯಪ್ ಒಳಗಿನ ಗೇನ್‌ನಲ್ಲಿ ಸರಿಮಾಡಿಕೊಳ್ಳಿ.

ಆಮೇಲೆ ಯಾವುದು ಓಡುತ್ತಿದೆ ಅಂತ ನಿಮಗೆ ಗೊತ್ತಾಗದ ಹಾಗೆ ಇನ್ನೊಬ್ಬರು ಬದಲಿಸಬೇಕು. 10ರಲ್ಲಿ 9 ಸಲ ಸರಿಯಾಗಿ ಗುರುತಿಸಿದರೆ ಅದೃಷ್ಟದಿಂದ ಬಂದದ್ದು ಅನ್ನೋಕಾಗಲ್ಲ. 10ರಲ್ಲಿ 6 ಅಂದರೆ ನಾಣ್ಯ ಚಿಮ್ಮಿದ್ದಕ್ಕಿಂತ ಹೆಚ್ಚೇನಲ್ಲ.

ರಾಗಸಂಜೆ

ಇದು ಪರೀಕ್ಷೆ ಹಾಲ್ ಆಯ್ತು, ಸಂಗೀತ ಕೇಳೋದಲ್ಲ. ವಿಲಂಬಿತ ಖ್ಯಾಲ್ ಅರ್ಧ ಗಂಟೆ ಬಿಡದೆ ಕೇಳಿದಾಗ ಕಿವಿ ದಣಿಯುತ್ತದಾ ಇಲ್ಲವಾ ಅನ್ನೋದು ಹತ್ತು ಸೆಕೆಂಡಿನ ತುಣುಕಿನಲ್ಲಿ ಗೊತ್ತಾಗಲ್ಲ. ಹೈ-ರೆಸ್ (ಸಿಡಿಗಿಂತ ಹೆಚ್ಚು ವಿವರದ ಆಡಿಯೋ) ವಿಷಯದಲ್ಲೂ ಇದೇ ಆಯ್ತು. ವ್ಯತ್ಯಾಸವೇ ಇಲ್ಲ ಅಂತ ಎಲ್ಲರೂ ವರ್ಷಗಟ್ಟಲೆ ಹೇಳಿದರು.

ಓಮ್ ಭಟ್ಟ

ಕಣ್ಣು ಕಟ್ಟಿದ ಪರೀಕ್ಷೆ ಹತ್ತು ಸೆಕೆಂಡಿನದೇ ಆಗಬೇಕಿಲ್ಲ ರಾಗಸಂಜೆ ಅವರೇ. ವಾರಕ್ಕೊಂದು ಯಂತ್ರ ಬದಲಿಸಿ, ಡಬ್ಬಿಯಲ್ಲಿ ಮುಚ್ಚಿಟ್ಟು ಮಾಡಿ. ಯಾರೂ ಬೇಡ ಅನ್ನಲ್ಲ.

ಹೈ-ರೆಸ್ ಬಗ್ಗೆ 2007ರಲ್ಲಿ ಮೇಯರ್ ಮತ್ತು ಮೊರಾನ್ ಮಾಡಿದ ಪ್ರಯೋಗ ಇದೆ. ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೋ ಅನ್ನೋ ಹೈ-ರೆಸ್ ಡಿಸ್ಕ್‌ಗಳ ದನಿಯನ್ನು ನೇರವಾಗಿ ಒಮ್ಮೆ, ಸಿಡಿ ಮಟ್ಟದ 16 ಬಿಟ್, 44.1 ಕಿಲೋಹರ್ಟ್ಸ್ ಮೂಲಕ ಹಾಯಿಸಿ ಒಮ್ಮೆ ಕೇಳಿಸಿದರು. 554 ಪ್ರಯತ್ನಗಳಲ್ಲಿ 276 ಸರಿ. ಹೆಚ್ಚುಕಮ್ಮಿ ಸರಿಯಾಗಿ ಅರ್ಧ.

ರಾಗಸಂಜೆ

2016ರಲ್ಲಿ ಜೋಶುವಾ ರೀಸ್ 18 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ್ದನ್ನು ಬಿಟ್ಟುಬಿಟ್ರಿ. ಅದರಲ್ಲಿ ಜನ ವ್ಯತ್ಯಾಸ ಗುರುತಿಸಿದ್ದರು. ತರಬೇತಿ ಪಡೆದ ಕೇಳುಗರು ಇನ್ನೂ ಚೆನ್ನಾಗಿ ಗುರುತಿಸಿದ್ದರು.

ಓಮ್ ಭಟ್ಟ

ಸರಿ, ಅದೂ ಇದೆ. ಒಟ್ಟಾರೆ ಶೇಕಡಾ 52.3 ಸರಿ. ನೂರು ಸಲ ಕೇಳಿಸಿದರೆ ಅದೃಷ್ಟಕ್ಕಿಂತ ಎರಡು ಮೂರು ಸಲ ಹೆಚ್ಚು. ಇಲ್ಲವೇ ಇಲ್ಲ ಅಂತ ನಾನೂ ಹೇಳಲ್ಲ. ಆದರೆ ಮೂವತ್ತು ಸಾವಿರ ಎಲ್ಲಿ ಹಾಕಬೇಕು ಅಂತ ಕೇಳಿದರೆ ಅಲ್ಲಿ ಹಾಕಿ ಅನ್ನೋಕೆ ಮನಸ್ಸು ಬರಲ್ಲ.

ಧಾರವಾಡದ ಟೇಪು

ನಿಮ್ಮ ಜಗಳದ ನಡುವೆ ಬರ್ತಿದ್ದೇನೆ, ಬೇಜಾರಾಗಬೇಡ್ರಿ. ನಾನು ಹಳೇ ಕ್ಯಾಸೆಟ್ಟು, ಸ್ಪೂಲ್ ಟೇಪು ಡಿಜಿಟಲ್ ಮಾಡುವ ಕೆಲಸ ಮಾಡುತ್ತೇನೆ. ಕಡಲತಡಿಯವರು ಕೇಳುವ ಸಂಗೀತ ಹೆಚ್ಚಾಗಿ ನನ್ನಂಥವರ ಕೈ ದಾಟಿ ಬಂದಿರುತ್ತದೆ. ಆ ಕಡೆಯಿಂದ ಒಂದಿಷ್ಟು ಹೇಳುತ್ತೇನೆ.

ಸಿಡಿಯ 16 ಬಿಟ್‌ನಲ್ಲಿ ಅತಿ ಮೆಲ್ಲನೆಯ ದನಿಯಿಂದ ಅತಿ ಜೋರಿನವರೆಗೆ 96 ಡೆಸಿಬಲ್ ಜಾಗ ಇದೆ. ಮನೆಯ ಕ್ಯಾಸೆಟ್ಟಿನಲ್ಲಿ ಡಾಲ್ಬಿ (ಸುಯ್ ಸದ್ದು ತಗ್ಗಿಸುವ ತಂತ್ರ) ಇಲ್ಲದೆ 50 ದಾಟಿದರೆ ಪುಣ್ಯ. 78 ಆರ್‌ಪಿಎಂ ತಟ್ಟೆಯಲ್ಲಿ ಇನ್ನೂ ಕಡಿಮೆ. ಮನ್ಸೂರರ ಕಛೇರಿಯ ಕ್ಯಾಸೆಟ್ ಪ್ರತಿಯನ್ನು 24 ಬಿಟ್ ಫೈಲ್ ಮಾಡಿ ಹಂಚುವವರಿದ್ದಾರೆ. ಕೆಳಗಿನ ಅಷ್ಟೂ ಬಿಟ್‌ನಲ್ಲಿ ಇರುವುದು ಟೇಪಿನ ಸುಯ್ ಸದ್ದೇ. ಕೆಲಸ ಮಾಡುವಾಗ 24 ಬಿಟ್ ಬೇಕು, ಮಟ್ಟ ಸರಿಮಾಡಲು ಅನುಕೂಲ. ಕೇಳುವಾಗ ಬೇಡ.

ದನಿ ನಿಜವಾಗಿ ಹಾಳಾಗುವುದು ಎಲ್ಲಿ ಗೊತ್ತೇನ್ರಿ? ಅಜಿಮತ್‌ನಲ್ಲಿ. ಟೇಪ್ ಡೆಕ್ಕಿನ ಹೆಡ್ಡು ಟೇಪಿಗೆ ನೆಟ್ಟಗೆ ನಿಂತಿರಬೇಕು. ಕೂದಲೆಳೆಯಷ್ಟು ವಾಲಿದರೂ ಮೇಲಿನ ಸ್ವರಗಳು ಹೋಗಿಬಿಡುತ್ತವೆ. ಪ್ರತಿ ಕ್ಯಾಸೆಟ್ಟು ಬೇರೆ ಬೇರೆ ಡೆಕ್ಕಿನಲ್ಲಿ ಮುದ್ರಣ ಆಗಿರುತ್ತದೆ. ಹಾಗಾಗಿ ಪ್ರತಿಯೊಂದಕ್ಕೂ ಸಣ್ಣ ಸ್ಕ್ರೂ ತಿರುಗಿಸಿ, ಎರಡೂ ಚಾನೆಲ್ ಕೂಡಿಸಿ ಮೊನೊ ಮಾಡಿ ಕೇಳುತ್ತಾ ಹೋಗಬೇಕು. ದನಿ ಬಿಚ್ಚಿಕೊಳ್ಳುವ ಜಾಗದಲ್ಲಿ ನಿಲ್ಲಿಸಬೇಕು. ಈ ಕೆಲಸ ಬಿಟ್ಟವರ ಫೈಲನ್ನು ನೀವು ಲಕ್ಷ ರೂಪಾಯಿಯ ಪ್ಲೇಯರ್‌ನಲ್ಲಿ ಕೇಳಿದರೂ ತಂಬೂರಿ ಕಂಬಳಿಯೊಳಗಿಂದ ಬಂದ ಹಾಗೇ ಇರುತ್ತದೆ. ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ. ಅದರ ಖರ್ಚು ಎಷ್ಟಾದೀತು?

ಇನ್ನೊಂದು ಮಾತು. ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಹಾಕಿ ಸುಯ್ ಸದ್ದನ್ನು ಪೂರ್ತಿ ಒರೆಸಿದ ಪ್ರತಿಗಳು ಬೇಡವೇ ಬೇಡ. ಸದ್ದಿನ ಜೊತೆ ತಂಬೂರಿ ತಂತಿಯ ಜವಾರಿ ಝೇಂಕಾರವೂ ಹೋಗಿರುತ್ತದೆ. ಒಂದೇ ಕಛೇರಿಯ ಎರಡು ಮೂರು ಪ್ರತಿ ಹುಡುಕಿ ಹೋಲಿಸಿ. ಅಲ್ಲಿ ಸಿಗುವ ವ್ಯತ್ಯಾಸ ಗುರುತಿಸಲು ಯಾವ ಪರೀಕ್ಷೆಯೂ ಬೇಡ.

ಕಡಲತಡಿ ಕೇಳುಗ

ಇದು ಯಾವತ್ತೂ ತಲೆಗೆ ಹೊಳೆದಿರಲಿಲ್ಲ ಸರ್. ಒಂದೇ ಕಛೇರಿಯ ಪ್ರತಿಗಳು ನನ್ನಲ್ಲೇ ಇವೆ, ಅದರಲ್ಲಿ ಒಂದು ಮಾತ್ರ ಕೇಳೋಕೆ ಹಿತ. ಕಾರಣ ಈಗ ಗೊತ್ತಾಯ್ತು.

ಐಪಾಡ್ ಬಗ್ಗೆ ಯಾರೂ ಹೇಳಲಿಲ್ಲ. ಅದರ ದನಿ ಈಗಿನದಕ್ಕಿಂತ ಚೆನ್ನ ಅನ್ನೋ ಮಾತು ಕೇಳಿದ್ದೇನೆ. ನಿಜವಾ?

ಗಾಂಧಿಬಜಾರ್ 88

ವೋಲ್ಫ್‌ಸನ್ ಚಿಪ್ ಕಥೆ ಇರಬೇಕು. 2005ರ ಐದನೇ ತಲೆಮಾರಿನ ಐಪಾಡ್‌ನಲ್ಲಿ ವೋಲ್ಫ್‌ಸನ್ ಡ್ಯಾಕ್ ಇತ್ತು. 2007ರ ಕ್ಲಾಸಿಕ್‌ನಿಂದ ಸಿರಸ್ ಲಾಜಿಕ್ ಬಂತು. ಅವತ್ತಿನಿಂದ ಯಾವುದು ಮೇಲು ಅಂತ ಜಗಳ ನಡೆದೇ ಇದೆ. ಆ ಕಾಲದಲ್ಲಿ ಕೆಳಗಿನ 30 ಪಿನ್ ಡಾಕ್‌ನಿಂದ ಲೈನ್ ಔಟ್ ಕೇಬಲ್ ಎಳೆದು, ಫಿಯೋದ ಸಣ್ಣ ಆಂಪ್ ಒಂದನ್ನು ರಬ್ಬರ್ ಬ್ಯಾಂಡ್ ಹಾಕಿ ಐಪಾಡ್ ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದೆವು. ವಿಮಾನ ನಿಲ್ದಾಣದಲ್ಲಿ ಸೆಕ್ಯೂರಿಟಿಯವರು ನೋಡುವ ನೋಟ ಹೇಳತೀರದು.

ನನ್ನ ಸಲಹೆ ಬೇರೆ. ಹಳೇ ಎಲ್‌ಜಿ ವಿ30 ಸಿಕ್ಕರೆ ತಗೊಳ್ಳಿ. ಒಳಗೆ ಇಎಸ್‌ಎಸ್ ಕಂಪನಿಯ ಕ್ವಾಡ್ ಡ್ಯಾಕ್, 3.5 ಜ್ಯಾಕ್, ಮೆಮೊರಿ ಕಾರ್ಡ್ ಜಾಗ ಎಲ್ಲ ಇದೆ. ಹೆಡ್‌ಫೋನ್ 50 ಓಮ್‌ಗಿಂತ ಮೇಲಿದ್ದರೆ ತಾನೇ ಗುರುತಿಸಿ 2 ವೋಲ್ಟ್‌ವರೆಗೆ ಏರುತ್ತದೆ. ನಿಮ್ಮ ಎಚ್‌ಡಿ 600ಗೆ ಹೇಳಿ ಮಾಡಿಸಿದ ಹಾಗೆ. 2021ರಲ್ಲಿ ಎಲ್‌ಜಿ ಫೋನ್ ವ್ಯಾಪಾರವನ್ನೇ ಮುಚ್ಚಿತು. ಹಾಗಾಗಿ ಬ್ಯಾಟರಿ ನೋಡಿ ತಗೊಳ್ಳಿ.

ಓಮ್ ಭಟ್ಟ

ಐಪಾಡ್ ಜಗಳದಲ್ಲಿ ಚಿಪ್ ಹೆಸರಿಗಿಂತ ಮುಖ್ಯವಾದದ್ದು ಒಂದಿದೆ. ಎಷ್ಟೋ ಹಳೇ ಪ್ಲೇಯರ್‌ಗಳಲ್ಲಿ ಜ್ಯಾಕ್‌ಗೂ ಮುಂಚೆ ಒಂದು ಕಪ್ಲಿಂಗ್ ಕೆಪಾಸಿಟರ್ ಇರುತ್ತಿತ್ತು. ಹೆಡ್‌ಫೋನ್ ಜೊತೆ ಸೇರಿ ಅದು ಬೇಸ್ ಕತ್ತರಿಸುತ್ತದೆ. 100 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ 16 ಓಮ್ ಇಯರ್‌ಫೋನ್ ಹಾಕಿದರೆ 100 ಹರ್ಟ್ಸ್‌ನಿಂದಲೇ ಬೇಸ್ ಇಳಿಯಲು ಶುರು. ಅದೇ ಕೆಪಾಸಿಟರ್‌ಗೆ 300 ಓಮ್ ಹೆಡ್‌ಫೋನ್ ಹಾಕಿದರೆ ಆ ಗೆರೆ 5 ಹರ್ಟ್ಸ್‌ಗೆ ಹೋಗುತ್ತದೆ, ಏನೂ ಗೊತ್ತಾಗಲ್ಲ. ಅದೇ ಪ್ಲೇಯರ್ ಒಬ್ಬನಿಗೆ ಬೇಸ್ ಇಲ್ಲ ಅನಿಸುತ್ತದೆ, ಇನ್ನೊಬ್ಬನಿಗೆ ಬಹಳ ಚೆನ್ನ ಅನಿಸುತ್ತದೆ. ಇಬ್ಬರೂ ತಮ್ಮ ತಮ್ಮ ಕಡೆ ಸರಿಯೇ.

ನೇರಳೆ ಮಾರ್ಗ

ಇಷ್ಟೆಲ್ಲ ಲೆಕ್ಕ ಹಾಕಿ ಮೆಟ್ರೋದಲ್ಲಿ ಕೇಳ್ತೀರಾ? ಅಲ್ಲಿ ಹೊರಗಿನ ಸದ್ದು ತಡೆಯುವ ಇಯರ್ ಟಿಪ್ ಮುಂದೆ ಯಾವ ಡ್ಯಾಕೂ ಇಲ್ಲ. ಸರಿಯಾದ ಅಳತೆಯ ಟಿಪ್ ಕೂರದಿದ್ದರೆ ಬೇಸ್ ಅರ್ಧಕ್ಕರ್ಧ ಹೋಗುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ.

ನಾನು ಬ್ಲೂಟೂತ್ ಬಳಸುತ್ತೇನೆ. ಸಣ್ಣ ಫಿಯೋ ಬಿಟಿಆರ್ ಬ್ಲೂಟೂತ್ ರಿಸೀವರ್ ಅಂಗಿಗೆ ಸಿಕ್ಕಿಸಿದರೆ ಮುಗೀತು. ಬ್ಲೂಟೂತ್‌ನಲ್ಲಿ ಹಾಡು ಕಳಿಸುವ ಎಲ್‌ಡ್ಯಾಕ್ ವಿಧಾನಕ್ಕೆ 990 ಕೆಬಿಪಿಎಸ್ ವೇಗ ಅಂತಾರೆ, ಆದರೆ ಮೆಜೆಸ್ಟಿಕ್‌ನಲ್ಲಿ ಅಷ್ಟು ಜನರ ಫೋನು ಒಟ್ಟಿಗೆ ಇರುವಾಗ ಅದು ತಾನಾಗಿ ಕೆಳಗಿಳಿಯುತ್ತದೆ. 990ಕ್ಕೇ ಕಟ್ಟಿಹಾಕಿದರೆ ಹಾಡು ತುಂಡು ತುಂಡು.

ಇನ್ನೊಂದು. ವಾರಕ್ಕೆ 40 ಗಂಟೆ, 80 ಡೆಸಿಬಲ್. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ಅದು. 3 ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧ ಆಗುತ್ತದೆ. 89ಕ್ಕೆ ಹೋದರೆ ವಾರಕ್ಕೆ 5 ಗಂಟೆ ಅಷ್ಟೆ. 4 ವೋಲ್ಟ್ ಅಂತ ಖುಷಿ ಪಡುವವರು ಇದನ್ನೂ ನೋಡಿ.

ರಾಗಸಂಜೆ

ಡ್ಯಾಪ್ ಪರವಾಗಿ ದನಿಗೆ ಸಂಬಂಧ ಇಲ್ಲದ ಮಾತೂ ಹೇಳ್ತೀನಿ, ಭಟ್ರು ಇದನ್ನು ಅಳೆಯೋಕೆ ಆಗಲ್ಲ. ಕಛೇರಿ ಕೇಳುವಾಗ ಫೋನ್ ಬರಲ್ಲ, ಒಟಿಪಿ ಬರಲ್ಲ, ಲೋನ್ ಬೇಕಾ ಅಂತ ಯಾರೂ ಕೇಳಲ್ಲ. ಕಾರ್ಡ್ ಹಾಕಿದರೆ ಇಡೀ ಸಂಗ್ರಹ ಜೇಬಿನಲ್ಲಿ. ಬಟನ್ ಮುಟ್ಟಿ ಹಾಡು ಬದಲಿಸಬಹುದು. ಎರಡು ಗಂಟೆ ಕೂತು ಕೇಳುವ ಅಭ್ಯಾಸ ನನಗೆ ಮತ್ತೆ ಬಂದಿದ್ದೇ ಡ್ಯಾಪ್‌ನಿಂದ. ಅದಕ್ಕೆ ಬೆಲೆ ಇಲ್ವಾ?

ಓಮ್ ಭಟ್ಟ

ಖಂಡಿತ ಇದೆ. ಆ ಕಾರಣಕ್ಕೆ ತಗೊಂಡರೆ ನಾನು ಎರಡು ಮಾತಾಡಲ್ಲ. ಆಂಡ್ರಾಯ್ಡ್ ಫೋನುಗಳು ಎಷ್ಟೋ ಸಲ ಎಲ್ಲ ಹಾಡನ್ನೂ 48 ಕಿಲೋಹರ್ಟ್ಸ್‌ಗೆ ಬದಲಿಸಿ ಕಳಿಸುತ್ತವೆ. ಡ್ಯಾಪ್‌ನಲ್ಲಿ ಆ ತಲೆನೋವೂ ಇರುವುದಿಲ್ಲ. ದನಿಯ ಗುಣಕ್ಕೆ ಅಂತ ಮಾತ್ರ ಮೂವತ್ತು ಸಾವಿರ ಕೊಡಬೇಡಿ ಅಂದೆ ಅಷ್ಟೆ.

ಕಡಲತಡಿ ಕೇಳುಗ

ಭಾನುವಾರ ಗೆಳೆಯನ ಮನೆಯಲ್ಲಿ ಮೀಟರ್ ಇಟ್ಟು ಮಾಡಿದೆವು. ಬದಲಿಸುವ ಕೆಲಸ ಅವನ ಹೆಂಡತಿಯದು. ಅವರಿಗೆ ಯಾವುದರಲ್ಲೂ ಆಸಕ್ತಿ ಇಲ್ಲ, ಹಾಗಾಗಿ ಮುಖ ನೋಡಿ ಊಹಿಸುವ ದಾರಿಯೂ ಇರಲಿಲ್ಲ.

ಎಚ್‌ಡಿ 600ರಲ್ಲಿ ಡಾಂಗಲ್, ಐಪಾಡ್, ದೊಡ್ಡ ಆಂಪ್ ಮೂರೂ ಸಮ ಮಾಡಿದ ಮೇಲೆ ನನಗೂ ಅವನಿಗೂ ಗುರುತಿಸೋಕೆ ಆಗಲಿಲ್ಲ. ಆಂಡ್ರೊಮಿಡಾದಲ್ಲಿ ದೊಡ್ಡ ಆಂಪ್ ಪ್ರತಿ ಸಲವೂ ಸಿಕ್ಕಿಬಿತ್ತು. ಲೋ ಗೇನ್‌ಗೆ ಹಾಕಿದ ಮೇಲೆ ಸುಯ್ ಸದ್ದು ಕಡಿಮೆ ಆಯ್ತು, ಪೂರ್ತಿ ಹೋಗಲಿಲ್ಲ. ದನಿಯ ಬಣ್ಣವೂ ಬೇರೆ ಇತ್ತು. ಆ ಆಂಪ್‌ನ ಹಾಳೆಯಲ್ಲಿ ಔಟ್‌ಪುಟ್ ಇಂಪೀಡೆನ್ಸ್ 10 ಓಮ್ ಅಂತ ಬರೆದಿದೆ.

ಒಂದು ವಿಚಿತ್ರ ಆಯ್ತು. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಆಂಪ್‌ನಲ್ಲಿ ಗುಂಯ್ ಅಂತ ಸದ್ದು. ಚಾರ್ಜರ್ ತೆಗೆದರೆ ಇಲ್ಲ.

ಗಾಂಧಿಬಜಾರ್ 88

ಎರಡು ಪಿನ್ ಚಾರ್ಜರ್ ಇರಬೇಕು, ಅಥವಾ ಮೂರು ಪಿನ್ ಇದ್ದರೂ ಗೋಡೆಯಲ್ಲಿ ಅರ್ಥಿಂಗ್ ಇಲ್ಲ. ಹಳೇ ಮನೆಗಳಲ್ಲಿ ಇದು ಮಾಮೂಲು. ಲ್ಯಾಪ್‌ಟಾಪ್ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತದಾ ನೋಡಿ. ಚಾರ್ಜರ್ ಒಳಗಿನ ಕೆಪಾಸಿಟರ್‌ನಿಂದ ಸೋರುವ ಸಣ್ಣ ಕರೆಂಟು ಅದು. ಯುಎಸ್‌ಬಿ ವೈರ್ ಮೂಲಕ ಆಂಪ್‌ಗೆ ಬರುತ್ತದೆ. ಬ್ಯಾಟರಿಯಲ್ಲಿ ಓಡಿಸಿ ಕೇಳಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿದರೆ ಫ್ರಿಜ್‌ಗೂ ಒಳ್ಳೆಯದು.

ಓಮ್ ಭಟ್ಟ

ಕಡಲತಡಿ ಅವರಿಗೆ ನನ್ನ ಕಡೆಯಿಂದ: ಆಂಡ್ರೊಮಿಡಾಗೆ ಈಗಿರುವ ಡಾಂಗಲ್ಲೇ ಇರಲಿ. ಎಚ್‌ಡಿ 600ಗೆ 4.4 ಜ್ಯಾಕ್ ಇರುವ ಒಳ್ಳೆಯ ಡಾಂಗಲ್ ಒಂದು ತಗೊಳ್ಳಿ, 4 ವೋಲ್ಟ್ ಕೊಡುವಂಥದ್ದು. ಎಚ್‌ಡಿ 600ರ ಕೇಬಲ್ ಎರಡೂ ಕಡೆ ಬಿಚ್ಚಿಕೊಳ್ಳುತ್ತದೆ, ಬ್ಯಾಲೆನ್ಸ್ಡ್ ಕೇಬಲ್ ಸುಲಭವಾಗಿ ಸಿಗುತ್ತದೆ. ಉಳಿದ ದುಡ್ಡಿನಲ್ಲಿ ಹೊಸ ಇಯರ್ ಪ್ಯಾಡ್ ಹಾಕಿಸಿ. ಕರಾವಳಿಯ ಸೆಕೆಗೆ ಹಳೇ ಪ್ಯಾಡ್ ಚಪ್ಪಟೆ ಆಗಿರುತ್ತದೆ. ಡ್ರೈವರ್ ಕಿವಿಗೆ ಹತ್ತಿರ ಬಂದು ದನಿಯೇ ಬದಲಾಗಿರುತ್ತದೆ. ಆ ವ್ಯತ್ಯಾಸ ಆಂಪ್ ಬದಲಿಸಿದ್ದಕ್ಕಿಂತ ದೊಡ್ಡದು.

ಕೈಯಾರೆ ಮಾಡುವ ಹುರುಪು ಇದ್ದರೆ ಆಬ್ಜೆಕ್ಟಿವ್2 ಅನ್ನೋ ಆಂಪ್ ಕಟ್ಟಿ. ಎನ್‌ಡಬ್ಲ್ಯುಎವಿಗಯ್ ಅನ್ನೋ ಹೆಸರಿನಲ್ಲಿ ಬರೆಯುತ್ತಿದ್ದ ಒಬ್ಬರು 2011ರಲ್ಲಿ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅಳತೆಯಲ್ಲಿ ದುಬಾರಿ ಆಂಪ್‌ಗಳನ್ನು ಸರಿಗಟ್ಟುವ ಅಗ್ಗದ ಆಂಪ್. 2012ರಲ್ಲಿ ಮನುಷ್ಯ ಮಾತು ನಿಲ್ಲಿಸಿದವರು ಆಮೇಲೆ ಬರೆದೇ ಇಲ್ಲ. ಎರಡು 9 ವೋಲ್ಟ್ ಬ್ಯಾಟರಿಯಲ್ಲೂ ಓಡುತ್ತದೆ, ಔಟ್‌ಪುಟ್ ಇಂಪೀಡೆನ್ಸ್ ಅರ್ಧ ಓಮ್. ನಿಮ್ಮ ಎರಡು ಹೆಡ್‌ಫೋನ್‌ಗೂ ಆಗುತ್ತದೆ.

ಮ್ಯೂನಿಕ್ ಮಂಡ್ಯ

ಅದರ ಐಸಿ ಎಲ್ಲ ಎಸ್.ಪಿ. ರೋಡಿನಲ್ಲಿ ಸಿಗುತ್ತಾ? ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬರ್ತೀನಿ, ಕಟ್ಟೋಣ ಅಂತ ಆಸೆ.

ಓಮ್ ಭಟ್ಟ

ರೆಸಿಸ್ಟರ್, ಕೆಪಾಸಿಟರ್, ಜ್ಯಾಕ್, ಸೋಲ್ಡರ್ ಎಲ್ಲ ಅಲ್ಲೇ ತಗೊಳ್ಳಿ. ಐಸಿ ಮಾತ್ರ ನಂಬಿಕೆಯ ಡಿಸ್ಟ್ರಿಬ್ಯೂಟರ್‌ನಿಂದ ತರಿಸಿ. ಔಟ್‌ಪುಟ್‌ಗೆ ಎನ್‌ಜೆಎಂ4556ಎ ಎರಡು, ಗೇನ್‌ಗೆ ಎನ್‌ಜೆಎಂ2068 ಒಂದು. ಇಂಥ ಆಪ್‌ಆಂಪ್ ಐಸಿಗಳಲ್ಲಿ ನಕಲಿ ಬಹಳ. ಮೇಲೆ ಹೆಸರು ಅಚ್ಚಾಗಿರುತ್ತದೆ, ಒಳಗೆ ಬೇರೆ ಏನೋ. 4556ರ ಬದಲು ಎನ್‌ಇ5532 ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು 600 ಓಮ್ ಹೊರೆಗೆ ಮಾಡಿದ್ದು, ಐಇಎಂ ಹಾಕಿದರೆ ಕರೆಂಟ್ ಸಾಲಲ್ಲ. ಗೇನ್ ರೆಸಿಸ್ಟರ್ ಬೆಸೆಯುವ ಮುಂಚೆ ಇಲ್ಲಿ ಒಂದು ಮಾತು ಕೇಳಿ, ನಿಮ್ಮ ಹೆಡ್‌ಫೋನ್ ನೋಡಿ ಲೆಕ್ಕ ಹಾಕಿಕೊಡ್ತೀನಿ.